ಮುಖ ನೋಡಿ ನಾಡಿ ಹಿಡಿಯುವ ವಿದ್ಯೆ

1909ರ ಅಕ್ಟೋಬರ್‌ನಿಂದ 1910ರ ಜನವರಿಯೊಳಗೆ, ಮೂರೇ ತಿಂಗಳಲ್ಲಿ, ಇಂಗ್ಲೆಂಡಿನ ನಲವತ್ತು ವರ್ಷದ ಹೆಂಗಸೊಬ್ಬರ ಹೃದ್ರೋಗ ಪೂರ್ತಿ ವಾಸಿಯಾಯಿತು. ಶಸ್ತ್ರಚಿಕಿತ್ಸೆ ಇಲ್ಲ, ಗುಳಿಗೆ ಇಲ್ಲ, ಕಷಾಯ ಇಲ್ಲ. ಆದ ಉಪಚಾರ ಇಷ್ಟೇ: ಕೂದಲನ್ನು ಮೋಟು ಮಾಡಿಸಿದ್ದು, ಒಂದು ಅಗ್ಗದ ಟೋಪಿ, ಒಂದು ಕನ್ನಡಕ, ಒಂದು ಹೊಸ ಹೆಸರು. ಇಷ್ಟು ಸೋವಿಯ ಚಿಕಿತ್ಸೆಯನ್ನು ಹೃದ್ರೋಗ ತಜ್ಞರು ಏಕೆ ಬಳಸುತ್ತಿಲ್ಲವೋ ತಿಳಿಯದು.

ರೋಗಿಯ ಹೆಸರು ಲೇಡಿ ಕಾನ್‌ಸ್ಟನ್ಸ್ ಲಿಟ್ಟನ್. ವಾಸಿಯಾದವಳ ಹೆಸರು ಜೇನ್ ವಾರ್ಟನ್, ಹೊಲಿಗೆ ಕೆಲಸದವಳು. ಇಬ್ಬರದೂ ಒಂದೇ ದೇಹ. ಈ ಕಥೆ ಹೇಳುವುದಕ್ಕೆ ಕನ್ನಡದಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ. ಲೇಡಿ ಎಂದೊಡನೆ ನಮ್ಮ ಕ್ರಿಯಾಪದ ತಾನಾಗಿಯೇ ಎದ್ದು ನಿಂತು ಬಹುವಚನವಾಗುತ್ತದೆ; ಹೊಲಿಗೆಯವಳು ಎಂದೊಡನೆ ಕುರ್ಚಿ ಎಳೆದುಕೊಂಡು ಏಕವಚನಕ್ಕೆ ಇಳಿಯುತ್ತದೆ. ಬ್ರಿಟಿಷ್ ಸರ್ಕಾರಕ್ಕೆ ಈ ಸೌಲಭ್ಯ ಭಾಷೆಯಲ್ಲಿ ಇರಲಿಲ್ಲ. ಹಾಗಾಗಿ ಅದನ್ನು ಸ್ಟೆತಾಸ್ಕೋಪಿನಲ್ಲಿ ಅಳವಡಿಸಿಕೊಂಡಿತು.

ಲಿಟ್ಟನ್ ಎಂಬ ಹೆಸರು ನಮಗೆ ಹೊಸದಲ್ಲ. ಕಾನ್‌ಸ್ಟನ್ಸ್ ಅವರ ತಂದೆ ರಾಬರ್ಟ್ ಲಿಟ್ಟನ್ 1876ರಿಂದ 1880ರವರೆಗೆ ಭಾರತದ ವೈಸರಾಯ್. ಬಿಡುವಿನಲ್ಲಿ ಓವನ್ ಮೆರೆಡಿತ್ ಎಂಬ ಕಾವ್ಯನಾಮದಲ್ಲಿ ಕವಿತೆ ಬರೆಯುತ್ತಿದ್ದರು. ಬಿಡುವಿಲ್ಲದಾಗ ಮಾಡಿದ ಕೆಲಸಗಳು ಕವಿತೆಗಿಂತ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿದವು. ಧಾತು ಸಂವತ್ಸರದ ಬರದಲ್ಲಿ ದಕ್ಷಿಣದ ಊರೂರುಗಳು ಬರಿದಾಗುತ್ತಿದ್ದಾಗ, 1877ರ ಜನವರಿ 1ರಂದು ಅವರು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ಸಂಸ್ಥಾನದ ಐದರಲ್ಲೊಂದು ಪಾಲು ಜನ ಆ ಬರಕ್ಕೆ ಹೋದರೆಂದು ಲೆಕ್ಕ. ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೆ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕೆಂದು ತೀರ್ಮಾನಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ತಿನ್ನಿಸಿದರೆ ಖಜಾನೆಗೆ ಅಜೀರ್ಣವಾಗುತ್ತದೆ. ಮರು ವರ್ಷ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯನ್ನೂ ಈ ಕವಿಗಳೇ ತಂದರು.

ಹಸಿದು ಕೈಯೊಡ್ಡಿದವರ ಬಾಯಿಗೆ ಅಳೆದು ಸುರಿದ ಆ ಸಾಮ್ರಾಜ್ಯ, ಮೂವತ್ತು ಚಿಲ್ಲರೆ ವರ್ಷಗಳ ನಂತರ ಊಟ ಬೇಡವೆಂದು ಹಲ್ಲು ಕಚ್ಚಿದವರ ಗಂಟಲಿಗೆ ರಬ್ಬರ್ ಕೊಳವೆ ಇಳಿಸಿ ಧಾರಾಳವಾಗಿ ಬಡಿಸಿತು. ಅದರಲ್ಲೊಂದು ಗಂಟಲು ವೈಸರಾಯರ ಮಗಳದು.

ನಲವತ್ತರ ಹತ್ತಿರ ಬರುವವರೆಗೂ ಕಾನ್‌ಸ್ಟನ್ಸ್ ಮದುವೆಯಿಲ್ಲದೆ ತಾಯಿಯ ಜೊತೆ ಇದ್ದವರು. ತಾಯಿ ರಾಣಿಯ ಪರಿವಾರದವರು, ಅಕ್ಕನ ಭಾವ ಆರ್ಥರ್ ಬಾಲ್ಫರ್ ಮಾಜಿ ಪ್ರಧಾನಿ, ತಮ್ಮ ವಿಕ್ಟರ್ ಹುಟ್ಟಿನ ಬಲದಿಂದಲೇ ಲಾರ್ಡ್ಸ್ ಸಭೆಯ ಸದಸ್ಯ. 1908ರಲ್ಲಿ ಸಫ್ರಜೆಟ್‌ಗಳ, ಅಂದರೆ ಮಹಿಳೆಯರಿಗೆ ಮತದ ಹಕ್ಕು ಬೇಕೆಂದು ಬೀದಿಗಿಳಿದ ಹೆಂಗಸರ, ಪರಿಚಯವಾಯಿತು. ಮರು ವರ್ಷದ ಫೆಬ್ರವರಿಯಲ್ಲಿ ಪಾರ್ಲಿಮೆಂಟಿಗೆ ಹೊರಟ ನಿಯೋಗದಲ್ಲಿ ಸಿಕ್ಕಿಬಿದ್ದು ಹಾಲೋವೇ ಜೈಲು ಸೇರಿದರು. ಜೈಲಿನವರಿಗೆ ಕೈಕಾಲು ಆಡದಾಯಿತು. ಇಂಥವರನ್ನು ಕೂರಿಸುವುದೆಲ್ಲಿ? ಕೂಡಲೇ ಹೃದಯ ದುರ್ಬಲವೆಂದು ಆಸ್ಪತ್ರೆಯ ವಾರ್ಡಿಗೆ ಸಾಗಿಸಿದರು. ಜೊತೆಯವರೆಲ್ಲ ಮಾಮೂಲು ಕೋಣೆಗಳಲ್ಲಿ.

ಹೃದಯ ದುರ್ಬಲವಾಗಿದ್ದದ್ದು ನಿಜ. ಚಿಕ್ಕಂದಿನಿಂದಲೂ ಸೂಕ್ಷ್ಮ ಪ್ರಕೃತಿ. ವೈದ್ಯರು ಸುಳ್ಳು ಹೇಳಲಿಲ್ಲ. ಉಳಿದ ಹೆಂಗಸರ ಎದೆಗೆ ಅಷ್ಟು ಶ್ರದ್ಧೆಯಿಂದ ಕಿವಿಗೊಡಲಿಲ್ಲ, ಅಷ್ಟೇ. ನನ್ನನ್ನೂ ಮಾಮೂಲು ಕೋಣೆಗೆ ಕಳಿಸಿ ಎಂದು ಕಾನ್‌ಸ್ಟನ್ಸ್ ಕೇಳಿದರು. ಕೊಡಲಿಲ್ಲ. ಆಗ ಒಂದು ಸೂಜಿ ಮತ್ತು ಮುರಿದ ಹೇರ್‌ಪಿನ್ ಹಿಡಿದು ‘ಮಹಿಳೆಯರಿಗೆ ಮತ’ ಎಂಬ ಘೋಷಣೆಯನ್ನು ತಮ್ಮ ಮೈಮೇಲೆಯೇ ಕೊರೆಯಲು ಕುಳಿತರು. ಮೊದಲಕ್ಷರ ಸರಿಯಾಗಿ ಹೃದಯದ ಮೇಲೆ ಬಂತು. ಅಷ್ಟು ಕೊರೆಯುವಷ್ಟರಲ್ಲಿ ಜೈಲಿನವರು ಹತ್ತಿ, ಔಷಧ ಹಿಡಿದು ಓಡಿ ಬಂದರು. ಕತ್ತಿಗಿಂತ ಲೇಖನಿ ಹರಿತ ಎಂಬ ಮಾತನ್ನು ಇಂಗ್ಲಿಷಿಗೆ ಕೊಟ್ಟವರು ಇವರ ಅಜ್ಜ, ಕಾದಂಬರಿಕಾರ ಬುಲ್ವರ್ ಲಿಟ್ಟನ್. ಹೇರ್‌ಪಿನ್ನಿನ ಬಗ್ಗೆ ಅಜ್ಜ ಯೋಚಿಸಿರಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್. ಮಂತ್ರಿ ಲಾಯ್ಡ್ ಜಾರ್ಜ್ ಹೆಸರು ಬರೆದ ಕಾಗದ ಸುತ್ತಿದ ಕಲ್ಲೊಂದನ್ನು ಕಾನ್‌ಸ್ಟನ್ಸ್ ಕಾರಿಗೆ ಎಸೆದರು. ಕಾರು ಸರ್ ವಾಲ್ಟರ್ ರನ್ಸಿಮನ್ ಅವರದು. ವಿಳಾಸ ತಪ್ಪಿದ ಟಪಾಲಿಗೆ ಒಂದು ತಿಂಗಳ ಸಜೆ. ಜೈಲಿನಲ್ಲಿ ಉಪವಾಸ ಹೂಡಿದರು. ಉಪವಾಸ ಹೂಡಿದವರಿಗೆ ಕೊಳವೆ ಹಾಕುವ ಪದ್ಧತಿ ಆಗಷ್ಟೇ, ಸೆಪ್ಟೆಂಬರ್‌ನಲ್ಲಿ, ಶುರುವಾಗಿತ್ತು. ಸರ್ಕಾರ ಅದನ್ನು ‘ಆಸ್ಪತ್ರೆ ಚಿಕಿತ್ಸೆ’ ಎಂದು ಕರೆಯುತ್ತಿತ್ತು. ರಂಗನಟಿ ಕಿಟ್ಟಿ ಮೇರಿಯನ್‌ಗೆ ಅದೇ ನ್ಯೂಕ್ಯಾಸಲ್ಲಿನಲ್ಲಿ ಆ ಚಿಕಿತ್ಸೆ ಸಿಕ್ಕಿತು. ಲೇಡಿಯವರ ಎದೆಯನ್ನು ಮಾತ್ರ ವೈದ್ಯರು ಜೋಪಾನವಾಗಿ ಪರೀಕ್ಷಿಸಿ, ಅಯ್ಯೋ ಸಾಧ್ಯವಿಲ್ಲ ಎಂದು ಎರಡೇ ದಿನದ ಉಪವಾಸಕ್ಕೆ ಮನೆಗೆ ಕಳಿಸಿದರು. ಗೃಹಮಂತ್ರಿ ಹರ್ಬರ್ಟ್ ಗ್ಲಾಡ್‌ಸ್ಟನ್ ಅವರ ಕಡೆಯಿಂದ ಸ್ಪಷ್ಟನೆಯೂ ಬಂತು: ಬಿಡುಗಡೆಗೆ ಹೃದ್ರೋಗವೊಂದೇ ಕಾರಣ, ಅಂತಸ್ತಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲೂ ಬಂಧನದ ಆದೇಶ ಕಂಡೊಡನೆ ದೊಡ್ಡವರ ಎದೆಯಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಆದರೆ ನಮ್ಮ ದೊಡ್ಡವರು ಅದನ್ನು ತಾವೇ ಮುಂದಾಗಿ ಕೇಳಿ ಪಡೆಯುತ್ತಾರೆ. ಕಾನ್‌ಸ್ಟನ್ಸ್ ಬೇಡಬೇಡವೆಂದರೂ ಸರ್ಕಾರ ಕೈಗೆ ತುರುಕಿತು. ಸಂಬಂಧವಿಲ್ಲ ಎಂದಿರಲ್ಲ, ನೋಡಿಯೇ ಬಿಡೋಣ ಎಂದು ಅವರು ಹೊರಟರು.

ಜೇನ್ ವಾರ್ಟನ್ ಹುಟ್ಟಿದ್ದು ಹೀಗೆ. ಜೇನ್ ಎಂಬುದು ಫ್ರಾನ್ಸಿನ ಸಂತ ಜೋನಳ ನೆನಪಿಗೆ. ಕುರೂಪವಾಗಿ ಕಾಣಬೇಕೆಂಬುದು ಮುಖ್ಯ ಷರತ್ತು. ಮ್ಯಾಂಚೆಸ್ಟರಿನಲ್ಲಿ ಅಗ್ಗದ ಕೋಟು, ಟೋಪಿ ಕೊಂಡಳು, ಕೂದಲು ಕತ್ತರಿಸಿಕೊಂಡಳು. ಒಳಬಟ್ಟೆಗಳ ಮೇಲಿದ್ದ ತನ್ನ ನಿಜ ಹೆಸರಿನ ಮೊದಲಕ್ಷರಗಳನ್ನು ತೆಗೆದಳು. ಜೇನ್ ವಾರ್ಟನ್ ಹೆಸರಿನ ಸಿದ್ಧ ಅಕ್ಷರಗಳನ್ನು ಕೊಂಡೂ ತಂದಳು. ಆದರೆ ಅವಸರದಲ್ಲಿ ಹೊಲಿಯಲು ಪುರುಸೊತ್ತಾಗಲಿಲ್ಲ. ಹೊಲಿಗೆಯವಳೆಂದು ಹೇಳಿಕೊಂಡು ಜೈಲಿಗೆ ಹೊರಟವಳ ಬಟ್ಟೆಯ ಮೇಲೆ ಹೊಲಿದ ಅಕ್ಷರವೇ ಇಲ್ಲ! ಬೀದಿಯ ಹುಡುಗರು ಇವಳ ವೇಷ ನೋಡಿ ನಕ್ಕರು. ಪರೀಕ್ಷೆ ಪಾಸಾಯಿತು.

ಜನವರಿ 14ರಂದು ಲಿವರ್‌ಪೂಲಿನ ವಾಲ್ಟನ್ ಜೈಲಿನ ಮುಂದೆ ಗಲಾಟೆ ಮಾಡಿ ಸಿಕ್ಕಿಬಿದ್ದಳು. 14 ದಿನ ಸಜೆ, ಮೂರನೇ ದರ್ಜೆ. ರೈಲಿನಂತೆ ಜೈಲಿಗೂ ದರ್ಜೆ ಇದ್ದ ಕಾಲ ಅದು. ಉಪವಾಸ ನಾಲ್ಕು ದಿನ ನಡೆಯಿತು. ಆಮೇಲೆ ವೈದ್ಯ ಬಂದ. ಎದೆಗೆ ಸ್ಟೆತಾಸ್ಕೋಪ್ ಇಡಲಿಲ್ಲ, ನಾಡಿ ಹಿಡಿಯಲಿಲ್ಲ. ಬಾಯಿ ತೆರೆಸಿ ಹಿಡಿಯುವ ಸಾಧನ ಮರದ್ದು ಬೇಕೋ ಉಕ್ಕಿನದು ಬೇಕೋ ಎಂದು ಕೇಳಿದ, ಹೋಟೆಲಿನಲ್ಲಿ ಕಾಫಿಯೋ ಟೀಯೋ ಎನ್ನುವಂತೆ. ಅವಳು ಬಾಯಿ ಬಿಡದಿದ್ದಾಗ ಉಕ್ಕಿನದನ್ನೇ ತುರುಕಿ, ತಿರುವಿ, ದವಡೆಯನ್ನು ಅಗಲಿಸಿದ. ವಾರ್ಡರ್ ಹೆಂಗಸರು ಕೈಕಾಲು ಹಿಡಿದರು. ನಾಲ್ಕಡಿ ಉದ್ದದ ಕೊಳವೆ ಗಂಟಲಲ್ಲಿ ಇಳಿಯಿತು. ಸುರಿದದ್ದೆಲ್ಲ ವಾಂತಿಯಾಗಿ ತಲೆಗೂದಲಿಗೆ, ಬಟ್ಟೆಗೆ, ಗೋಡೆಗೆ ಬಿತ್ತು. ಹೊರಡುವಾಗ ವೈದ್ಯ ಅವಳ ಕೆನ್ನೆಗೆ ಒಂದೇಟು ಹಾಕಿ ಹೋದ. ನೋಯುವಂಥ ಏಟಲ್ಲ, ತಾತ್ಸಾರದ್ದು.

ಹೀಗೆ ಒಟ್ಟು ಎಂಟು ಸಲ. ನಡುವೆ ಒಮ್ಮೆ ಅವಳ ಸ್ಥಿತಿ ಕಂಡು ವೈದ್ಯನಿಗೇ ಗಾಬರಿಯಾಗಿ, ಕಿರಿಯ ವೈದ್ಯನೊಬ್ಬನನ್ನು ಕರೆಸಿ ಹೃದಯ ನೋಡೆಂದ. ಆತ ಒಂದು ಕ್ಷಣ ಕಿವಿಗೊಟ್ಟು, ಬಹಳ ಚೆನ್ನಾಗಿದೆ, ಭೇಷಾದ ಹೃದಯ, ಮುಂದುವರಿಸಬಹುದು ಎಂಬರ್ಥದಲ್ಲಿ ಹೇಳಿದ. ನ್ಯೂಕ್ಯಾಸಲ್ಲಿನಲ್ಲಿ ತೋಳಿನಲ್ಲಿಟ್ಟು ಕಾಪಾಡಿದ ಹೃದಯವೇ ಅದು. ಮುಖ ನೋಡಿ ಮಣೆ ಹಾಕುವವರು ಎಲ್ಲ ಊರಿನಲ್ಲೂ ಇದ್ದಾರೆ. ಟೋಪಿ ನೋಡಿ ಹೃದಯ ಬಡಿತ ಲೆಕ್ಕ ಹಾಕುವ ಈ ಪಾಂಡಿತ್ಯ ಮಾತ್ರ ವಾಲ್ಟನ್ನಿನದೇ.

ಈ ಹೆಂಗಸು ಯಾರಿರಬಹುದು ಎಂಬ ಗುಸುಗುಸು ಹೊರಗೆ ಹಬ್ಬಿದೊಡನೆ ಭೇಷಾದ ಹೃದಯ ಮತ್ತೆ ಕೆಟ್ಟಿತು. ಜನವರಿ 23ರಂದು ಬಿಡುಗಡೆ. ಕರೆದುಕೊಂಡು ಹೋಗಲು ಲಿವರ್‌ಪೂಲಿಗೆ ಓಡಿ ಬಂದವರು ತಂಗಿ ಎಮಿಲಿ. ಮುಂದೆ ಹೊಸದಿಲ್ಲಿಗೆ ವೈಸರಾಯರ ಅರಮನೆ ಕಟ್ಟಿದ ಎಡ್ವಿನ್ ಲುಟ್ಯೆನ್ಸ್ ಅವರ ಹೆಂಡತಿ. ತಮ್ಮ ವಿಕ್ಟರ್ ಗೃಹ ಇಲಾಖೆಗೆ ದೂರು ಕೊಟ್ಟರು. ಇಲಾಖೆ ತನ್ನ ವೈದ್ಯರನ್ನೇ ವಿಚಾರಿಸಿ, ದೂರಿಗೆ ಆಧಾರವಿಲ್ಲವೆಂದು ಕಡತ ಮುಚ್ಚಿತು. ಕಳ್ಳನನ್ನೇ ಕರೆದು, ಏನಪ್ಪಾ ಕದ್ದೆಯಾ ಎಂದು ಕೇಳುವ ವಿಚಾರಣಾ ಕ್ರಮ ನಮಗೂ ಅಪರಿಚಿತವಲ್ಲ. ಬಹುಶಃ ಅಲ್ಲಿಂದಲೇ ಬಂದದ್ದು.

1912ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. 1918ರಲ್ಲಿ ಮಹಿಳೆಯರಿಗೆ ಮತ ಬಂತು, ಅದೂ ಟೋಪಿ ನೋಡಿಯೇ. ಗಂಡಸಿಗೆ 21 ಸಾಕು, ಹೆಂಗಸಿಗೆ 30 ತುಂಬಿರಬೇಕು. ಜೊತೆಗೆ ಅವಳದೋ ಗಂಡನದೋ ಮನೆ, ಆಸ್ತಿಯ ಅರ್ಹತೆ ಬೇಕು. ಜೇನ್ ವಾರ್ಟನ್ ಎಂಬುವಳು ನಿಜವಾಗಿ ಇದ್ದು, ಯಾರದೋ ಮಂಚ, ಯಾರದೋ ಮೇಜು ಇರುವ ಬಾಡಿಗೆ ಕೋಣೆಯಲ್ಲಿ ಬಟ್ಟೆ ಹೊಲಿದುಕೊಂಡಿದ್ದರೆ ಅವಳಿಗೆ ಮತವಿರುತ್ತಿರಲಿಲ್ಲ. ಅವಳು 1928ರವರೆಗೆ ಕಾಯಬೇಕಿತ್ತು. ಕಾನ್‌ಸ್ಟನ್ಸ್ 1923ರಲ್ಲೇ ತೀರಿಕೊಂಡರು.

ಅದಕ್ಕೂ ಮುಂಚೆ, 1914ರಲ್ಲಿ, ಜೈಲಿನ ಅನುಭವಗಳ ಪುಸ್ತಕವೊಂದು ಅಚ್ಚಾಯಿತು. ಬಲಗೈ ಬಾರದ್ದರಿಂದ ಎಡಗೈಯಲ್ಲಿ ಅಕ್ಷರ ತಿದ್ದಿ ಬರೆದದ್ದು. ಮುಖಪುಟದಲ್ಲಿ ಲೇಖಕಿಯರ ಹೆಸರು ಎರಡು: ಕಾನ್‌ಸ್ಟನ್ಸ್ ಲಿಟ್ಟನ್ ಮತ್ತು ಜೇನ್ ವಾರ್ಟನ್. ಹೀಗಾಗಿ ನಾನು ಇಲ್ಲಿ ‘ಬರೆದರು’ ಎಂದರೆ, ಮರ್ಯಾದೆಗಲ್ಲದಿದ್ದರೂ ತಲೆ ಎಣಿಕೆಗಾದರೂ, ವ್ಯಾಕರಣ ತಕರಾರು ಮಾಡುವಂತಿಲ್ಲ.