ಆಡಿದರೆ ಅಪಾಯ, ಆಡದಿದ್ದರೆ ಕಲೆ

ಲೈಬ್ರರಿಗಳು ಕಾಪಾಡಿಟ್ಟಿರುವ ಹಳೆಯ ವಿಡಿಯೋ ಗೇಮ್‌ಗಳನ್ನು ಸಂಶೋಧಕರು ಮನೆಯಲ್ಲಿ ಕೂತು ನೋಡುವ ಹಾಗಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಹೀಗೆ ಹೇಳಿದ್ದನ್ನು ನೀವೂ ಓದಿರುತ್ತೀರಿ. ಬೇರೆ ಹಳೆಯ ಸಾಫ್ಟ್‌ವೇರ್‌ಗೆ ಈ ಅನುಮತಿ ಇದೆ. ಗೇಮ್ ಬೇಕು ಅಂದ್ರೆ ಮಾತ್ರ ಲೈಬ್ರರಿ ಕಟ್ಟಡಕ್ಕೇ ಬರಬೇಕು. ಯಾಕಪ್ಪಾ ಅಂದ್ರೆ, ಮನೆಗೆ ಬಿಟ್ಟರೆ ಜನ ಅದನ್ನು ಮನರಂಜನೆಗೆ ಬಳಸಿಬಿಡುವ ಅಪಾಯ ಇದೆಯಂತೆ.

ಆಟವನ್ನು ಆಡಿಬಿಡ್ತಾರಂತೆ!

ಎಂಥ ದೂರದೃಷ್ಟಿ ನೋಡಿ. ಪಾಪ, ಥೀಸಿಸ್ ಬರೆಯಲು ಕೂತ ಗಂಭೀರ ಮನುಷ್ಯ. ಮೊದಲ ಲೆವೆಲ್‌ನಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಎರಡನೇ ಲೆವೆಲ್‌ನಲ್ಲಿ ಪೆನ್ನು ಕೆಳಗಿಡುತ್ತಾನೆ. ಮೂರನೆಯದರಲ್ಲಿ ಯಾರಿಗೂ ಹೇಳದೆ ಖುಷಿಪಟ್ಟುಬಿಡುತ್ತಾನೆ. ಇದನ್ನು ತಡೆಯೋರು ಯಾರು? ಕಾದಂಬರಿಗೆ ಈ ಕಾಟ ಇಲ್ಲ. ಲೈಬ್ರರಿಯಿಂದ ತಂದ ಪುಸ್ತಕವನ್ನು ಹಾಸಿಗೆಯಲ್ಲಿ ಬಿದ್ದುಕೊಂಡು, ಕಾಲಾಡಿಸುತ್ತಾ, ಕಿಸಕ್ಕನೆ ನಗುತ್ತಾ ಓದಿದರೂ ಯಾವ ಕಚೇರಿಯೂ ಕೇಳುವುದಿಲ್ಲ.

ಇನ್ನೊಂದು ಭಯ ವ್ಯಾಪಾರದ್ದು. ಮನೆಯಲ್ಲೇ ಸಿಕ್ಕರೆ ಹಳೆಯ ಗೇಮ್‌ಗಳ ಮಾರುಕಟ್ಟೆಗೆ ಏಟು ಬೀಳುತ್ತದಂತೆ. ಯಾವ ಮಾರುಕಟ್ಟೆ? ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತ್ತು. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ 87% ಇವತ್ತು ದುಡ್ಡು ಕೊಡ್ತೀನಿ ಅಂದರೂ ಸಿಗುವುದಿಲ್ಲ. ಅಂಗಡಿಯಲ್ಲೇ ಇಲ್ಲದ ಮಾಲಿಗೆ ನಷ್ಟ ಆಗುವುದು ಹೇಗೆ ಅನ್ನೋದು ನನ್ನಂಥ ದಡ್ಡರ ತಲೆಗೆ ಹೋಗುವ ವಿಷಯ ಅಲ್ಲ ಬಿಡಿ.

ಈ ಅನುಮತಿಗೆ ಅಡ್ಡಗಾಲು ಹಾಕಿದವರು ಯಾರು ಅಂತ ನೋಡಿದರೆ ಇನ್ನೂ ಮಜಾ. ಗೇಮ್ ಕಂಪನಿಗಳದ್ದೇ ಸಂಘ, ಎಂಟರ್‌ಟೇನ್‌ಮೆಂಟ್ ಸಾಫ್ಟ್‌ವೇರ್ ಅಸೋಸಿಯೇಷನ್. ಏನೇ ಷರತ್ತು ಹಾಕಿಕೊಳ್ಳಿ, ಎಷ್ಟೇ ಬೀಗ ಜಡಿಯಿರಿ, ನಾವು ಒಪ್ಪಲ್ಲ ಅಂತ ಅವರ ವಕೀಲರು ವಿಚಾರಣೆಯಲ್ಲಿ ಖಡಾಖಂಡಿತ ಹೇಳಿದ್ದರು. ಇದೇ ಸಂಘ ಹಿಂದೊಮ್ಮೆ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ನಿಂತಿತ್ತು. ಹಿಂಸೆಯ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ತಂದಿದ್ದ ಕಾನೂನನ್ನು ಹೊಡೆದುಹಾಕುವುದಕ್ಕೆ. 2011ರಲ್ಲಿ 7-2 ಬಹುಮತದಿಂದ ಗೆದ್ದಿತು ಕೂಡ. ಪುಸ್ತಕ, ನಾಟಕ, ಸಿನಿಮಾಗಳ ಹಾಗೆ ಗೇಮ್‌ಗಳೂ ವಿಚಾರ ಹೇಳುತ್ತವೆ, ಅವಕ್ಕೂ ಅದೇ ರಕ್ಷಣೆ ಇರಲಿ ಅಂತ ತೀರ್ಪು ಬಂತು. ಮಕ್ಕಳ ಕಥೆಗಳಲ್ಲಿ ಮುದುಕಿಯನ್ನು ಒಲೆಗೆ ತಳ್ಳೋದಿಲ್ವಾ ಅಂತ ನ್ಯಾಯಮೂರ್ತಿ ಸ್ಕಾಲಿಯಾ ಉದಾಹರಣೆಯನ್ನೂ ಕೊಟ್ಟರು. ಕೋರ್ಟಿನ ಮೆಟ್ಟಿಲ ಮೇಲೆ ಗೇಮ್ ಅನ್ನೋದು ಪುಸ್ತಕದ ಒಡಹುಟ್ಟಿದ ತಮ್ಮ. ಲೈಬ್ರರಿ ಮೆಟ್ಟಿಲ ಮೇಲೆ, ಪುಸ್ತಕಾನಾ? ಯಾರದು?

ಗೇಮ್ ಕಲೆ ಹೌದೋ ಅಲ್ಲವೋ ಅನ್ನೋ ಪಂಚಾಯ್ತಿ ಇಷ್ಟು ವರ್ಷ ನಡೆದರೂ ಮುಗಿಯದ್ದು ಇದಕ್ಕೇ ಇರಬೇಕು. ಮುಗಿದರೆ ಅನುಕೂಲ ನೋಡಿಕೊಂಡು ಪಕ್ಷ ಬದಲಿಸುವುದು ಕಷ್ಟ.

ಹಾಗಂತ ಬರೀ ಕಂಪನಿಗಳನ್ನು ಬೈಯಬಾರದು. ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರ ಏಪ್ರಿಲ್‌ನಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆ ಆಗಲ್ಲ ಅಂತ ಬರೆದರು. ಗೇಮ್ ಆಡಿದ್ದರಾ? ಹಿಂದೆಂದೋ ಒಂದೆರಡು ಆಡಿದ್ದರು, ಅಷ್ಟೇ. ಸಾವಿರಾರು ಓದುಗರು ಮುಗಿಬಿದ್ದರು. ಜುಲೈನಲ್ಲಿ ಈಬರ್ಟ್ ಅವರೇ, ಸರಿಯಾಗಿ ಆಡಿ ನೋಡದೆ ಹಾಗೆ ಹೇಳಬಾರದಿತ್ತು ಅಂತ ಒಪ್ಪಿಕೊಂಡರು. ಆದರೆ ಆಡುವುದಕ್ಕೆ ಮನಸ್ಸು ಮಾಡಲಿಲ್ಲ. ಮುಗಿಬಿದ್ದವರ ಕಡೆಯವರೇನು ಕಮ್ಮಿ ಇಲ್ಲ. ಅವರ ಬತ್ತಳಿಕೆಯಲ್ಲಿ ಇವತ್ತಿಗೂ ಇರೋದು ಒಂದೇ ಬಾಣ: "ಕೊನೇ ಸೀನ್‌ನಲ್ಲಿ ನಾನು ಅತ್ತುಬಿಟ್ಟೆ." ಅತ್ತರೆ ಕಲೆ ಅನ್ನೋದಾದರೆ ತೆರಿಗೆ ಫಾರ್ಮ್ ಮಹಾಕಾವ್ಯ ಆಗಬೇಕಿತ್ತು.

ತೆರಿಗೆ ಅಂದಾಗ ನೆನಪಾಯಿತು. ಕಲೆ ಯಾವುದು ಅಂತ ತೀರ್ಮಾನಿಸುವ ಕೆಲಸವನ್ನು ವಿಮರ್ಶಕರಿಗಿಂತ ಮುತುವರ್ಜಿಯಿಂದ ಮಾಡಿದವರು ಕಸ್ಟಮ್ಸ್‌ನವರು. 1926ರಲ್ಲಿ ಶಿಲ್ಪಿ ಬ್ರಾಂಕುಸಿ ಮಾಡಿದ ಹಕ್ಕಿಯೊಂದು ಹಡಗಿನಲ್ಲಿ ನ್ಯೂಯಾರ್ಕ್‌ಗೆ ಬಂತು. ಉದ್ದಕ್ಕೆ, ನುಣ್ಣಗೆ, ಥಳಥಳ ಹೊಳೆಯುವ ಕಂಚು. ತಲೆ ಇಲ್ಲ, ರೆಕ್ಕೆ ಇಲ್ಲ, ಪುಕ್ಕ ಮೊದಲೇ ಇಲ್ಲ. ಕಲಾಕೃತಿಗೆ ಸುಂಕ ಇರಲಿಲ್ಲ. ಅಧಿಕಾರಿಗಳು ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಡುಗೆಮನೆ ಮತ್ತು ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ 40% ಸುಂಕ ಜಡಿದರು. ವಿಷಯ ಕೋರ್ಟಿಗೆ ಹೋಯಿತು. ಶಿಲ್ಪವನ್ನು ಕೊಂಡಿದ್ದ ಫೋಟೋಗ್ರಾಫರ್ ಸ್ಟೈಕನ್ ಸಾಕ್ಷಿ ಕಟ್ಟೆ ಹತ್ತಿದರು. ಇದನ್ನು ಕಾಡಿನಲ್ಲಿ ಕಂಡರೆ ನೀವು ಗುಂಡು ಹಾರಿಸ್ತಿರಲಿಲ್ಲ, ಅಲ್ವಾ ಅಂತ ನ್ಯಾಯಾಧೀಶರು ಕೇಳಿದರು. ಇಲ್ಲ ಸ್ವಾಮಿ ಅಂದರು ಅವರು. ಬೇಟೆಯಾಡುವ ಹಾಗಿದ್ದರೆ ಹಕ್ಕಿ, ಹಕ್ಕಿಯಾದರೆ ಶಿಲ್ಪ, ಶಿಲ್ಪವಾದರೆ ಸುಂಕ ಮಾಫಿ! ಪುಣ್ಯಕ್ಕೆ 1928ರಲ್ಲಿ ಕೋರ್ಟ್ ಇದು ಕಲೆಯೇ ಅಂತ ಒಪ್ಪಿಕೊಂಡಿತು. ಇಂಥ ಸರಳ ಪರೀಕ್ಷೆ ಗೇಮ್‌ಗಳಿಗೆ ಯಾಕಿಲ್ಲ ಅನ್ನೋದೇ ನನ್ನ ಕೊರಗು. ಗುಂಡು ಹಾರಿಸುವುದೇ ಲೆಕ್ಕ ಆಗಿದ್ದರೆ ಅರ್ಧ ಗೇಮ್‌ಗಳು ಆವತ್ತೇ ಪಾಸಾಗುತ್ತಿದ್ದವು.

ಜರ್ಮನಿಯವರು ಇನ್ನೂ ಸೂಕ್ಷ್ಮವಾದ ಪರೀಕ್ಷೆ ಇಟ್ಟುಕೊಂಡಿದ್ದರು. ಮೀಸೆ ಪರೀಕ್ಷೆ. ನಾಜಿ ಚಿಹ್ನೆಗಳನ್ನು ತೋರಿಸುವುದು ಅಲ್ಲಿ ಅಪರಾಧ. ಅದಕ್ಕೆ ಕಾರಣವೂ ಇದೆ, ಅದರ ಬಗ್ಗೆ ತಮಾಷೆ ಬೇಡ. ಕಲೆಗೆ ಮಾತ್ರ ವಿನಾಯಿತಿ ಇದೆ. ಹಾಗಾಗಿ ಸಿನಿಮಾದಲ್ಲಿ ಹಿಟ್ಲರ್ ಮೀಸೆ ಸಮೇತ ಬಂದು ಹೋಗುತ್ತಿದ್ದ. ಗೇಮ್‌ಗೆ ಆ ವಿನಾಯಿತಿ ಸಿಗುತ್ತಿರಲಿಲ್ಲ. 2017ರಲ್ಲಿ ವುಲ್ಫೆನ್‌ಸ್ಟೈನ್ ಸರಣಿಯ ಗೇಮ್ ಒಂದು ಬಂತು. ನಾಜಿಗಳನ್ನು ಸದೆಬಡಿಯುವುದೇ ಅದರ ಕಥೆ. ಜರ್ಮನಿಯ ಆವೃತ್ತಿಯಲ್ಲಿ ಕಂಪನಿ ಸ್ವಸ್ತಿಕ ತೆಗೆಯಿತು. ಹಿಟ್ಲರ್‌ನ ಮೀಸೆ ಬೋಳಿಸಿತು. ಹೆಸರನ್ನು ಹೈಲರ್ ಅಂತ ಬದಲಿಸಿತು. ಅಷ್ಟೇ, ಇತಿಹಾಸ ಶುದ್ಧವಾಯಿತು. ಯಾರೋ ಹೈಲರ್ ಅಂತೆ, ನುಣ್ಣನೆ ಮುಖದ ವಯಸ್ಸಾದ ಮನುಷ್ಯ, ಸ್ವಲ್ಪ ಸಿಡುಕು ಸ್ವಭಾವ. ಯಾಕೆ ಇಷ್ಟು ಜನ ಕೋವಿ ಹಿಡಿದು ಅವನ ಹಿಂದೆ ಬಿದ್ದಿದ್ದಾರೋ ಆಡುವ ಹುಡುಗರೇ ಊಹಿಸಿಕೊಳ್ಳಬೇಕು.

ಮುಂದಿನ ವರ್ಷ ಆಗಸ್ಟ್‌ನಲ್ಲಿ ನಿಯಮ ಸಡಿಲವಾಯಿತು. ಪ್ರತಿ ಗೇಮ್ ಅನ್ನೂ ಬೇರೆ ಬೇರೆಯಾಗಿ ನೋಡಿ ತೀರ್ಮಾನಿಸುತ್ತೇವೆ ಅಂತ ಗೇಮ್‌ಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ಅಲ್ಲಿನ ಸಂಸ್ಥೆ ಹೇಳಿತು. ಒಂದು ಇಡೀ ಮಾಧ್ಯಮ ಕಲೆಯ ಕಡೆಗೆ ಹತ್ತಿರವಾಗಿದ್ದು ಮೂಗಿನ ಕೆಳಗಿನ ಒಂದಿಷ್ಟು ಕೂದಲಿನಿಂದ.

ಮ್ಯೂಸಿಯಂನವರೂ ಸುಮ್ನೆ ಕೂತಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಪ್ಯಾಕ್‌ಮನ್, ಟೆಟ್ರಿಸ್ ಸೇರಿ 14 ಗೇಮ್‌ಗಳನ್ನು ಒಳಗೆ ತಂದುಕೊಂಡಿತು. ತಂದದ್ದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ. ಚಿತ್ರಕಲೆಯ ಪಂಕ್ತಿಗಲ್ಲ. ಅಷ್ಟಕ್ಕೇ ಒಬ್ಬ ಬ್ರಿಟಿಷ್ ಕಲಾವಿಮರ್ಶಕರು, ಕ್ಷಮಿಸಿ, ಇದು ಕಲೆ ಅಲ್ಲ ಅಂತ ಪತ್ರಿಕೆಯಲ್ಲಿ ಬರೆದರು. ಗೋಡೆಗೆ ಟೇಪ್ ಹಚ್ಚಿ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರ್‌ಗೆ ಹರಾಜಾಯಿತಲ್ಲ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನಗೋದು ಇಲ್ಲಿಗೆ ಸಾಕು. 2014ರಲ್ಲಿ ಯೂಬಿಸಾಫ್ಟ್ ಅನ್ನೋ ಗೇಮ್ ಕಂಪನಿ 'ದಿ ಕ್ರೂ' ಅಂತ ಕಾರ್ ರೇಸಿಂಗ್ ಗೇಮ್ ಮಾರಿತು. ಜನ ದುಡ್ಡು ಕೊಟ್ಟು ಕೊಂಡರು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿತು. ಒಬ್ಬನೇ ಕೂತು ಆಡುವ ಭಾಗವೂ ಸತ್ತುಹೋಯಿತು, ಯಾಕಂದ್ರೆ ಅದಕ್ಕೂ ಸರ್ವರ್ ಬೇಕಿತ್ತು. ಡಿಸ್ಕ್ ಕೈಯಲ್ಲೇ ಇದೆ, ಆಟ ಇಲ್ಲ. ಗ್ರಾಹಕರು ಕೋರ್ಟಿಗೆ ಹೋದರೆ, ನೀವು ಕೊಂಡಿದ್ದು ಗೇಮ್ ಅಲ್ಲ, ಬರೀ ಲೈಸೆನ್ಸ್ ಅಂತ ಕಂಪನಿಯ ವಾದ. ಈ ಗೇಮ್ ಮಾಡಿದ ಕಲಾವಿದರು ವರ್ಷಗಟ್ಟಲೆ ರಸ್ತೆ, ಊರು, ಸಂಜೆಯ ಬೆಳಕು ಎಲ್ಲ ಬಿಡಿಸಿದ್ದರಲ್ಲ. ಅವರ ಕೆಲಸ ಎಲ್ಲಿ ಹೋಯಿತು? ಸಂರಕ್ಷಿಸೋಣ ಅಂದರೆ ಲೈಬ್ರರಿಗೆ ಕೊಡಲ್ಲ. ಕೊಂಡವನಿಗೂ ಇಲ್ಲ. ತಾವೂ ಇಟ್ಟುಕೊಳ್ಳಲ್ಲ. ಆಮೇಲೆ ವೇದಿಕೆ ಹತ್ತಿ, ನಮ್ಮದು ಈ ಕಾಲದ ದೊಡ್ಡ ಕಲೆ ಅಂತ ಭಾಷಣ. ಕೇಳಿ ಕೇಳಿ ಸುಸ್ತಾಗಿದೆ.

ಕಲಾವಿದರನ್ನು ನಡೆಸಿಕೊಳ್ಳುವ ರೀತಿಯೂ ಹೊಸದಲ್ಲ. ಆಗಿನ ಅಟಾರಿ ಅನ್ನೋ ವಿಡಿಯೋ ಗೇಮ್ ಕಂಪನಿ ಗೇಮ್ ಮಾಡಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಅನ್ನೋ ಪ್ರೋಗ್ರಾಮರ್‌ಗೆ ಇದು ತಡೆಯಲಿಲ್ಲ. 'ಅಡ್ವೆಂಚರ್' ಅನ್ನುವ ತನ್ನ ಗೇಮ್‌ನಲ್ಲಿ ಒಂದು ಗುಟ್ಟಿನ ಕೋಣೆ ಮಾಡಿದ. ಕಣ್ಣಿಗೆ ಬೀಳದಷ್ಟು ಚಿಕ್ಕ ಬೂದು ಚುಕ್ಕೆಯನ್ನು ಹುಡುಕಿ, ಹೊತ್ತುಕೊಂಡು ಸರಿಯಾದ ಜಾಗಕ್ಕೆ ಹೋದರೆ ಒಳಗೆ ಅವನ ಹೆಸರು ಕಾಣುತ್ತದೆ. ಮೇಲಧಿಕಾರಿಗಳಿಗೂ ಹೇಳಲಿಲ್ಲ. 1980ರಲ್ಲಿ ಆಟ ಆಡುತ್ತಿದ್ದ ಹುಡುಗನೊಬ್ಬ ಅದನ್ನು ಪತ್ತೆ ಮಾಡಿ ಕಂಪನಿಗೇ ಕಾಗದ ಬರೆದ. ಅಷ್ಟೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಹೆಸರು ಅಳಿಸಿಬಿಡೋಣ ಅಂತ ಕಂಪನಿಯಲ್ಲಿ ಮಾತಾಯಿತು. ಲೆಕ್ಕ ಹಾಕಿ ನೋಡಿದರೆ ಚಿಪ್ ಹೊಸದಾಗಿ ಮಾಡಿಸುವುದಕ್ಕೆ ಖರ್ಚು ಜಾಸ್ತಿ. ಹಾಗಾಗಿ ಬಿಟ್ಟರು.