ಎರಡು ಪುಟದ ಕೋಳಿ ಪೇಪರ್

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ. ಕೋಳಿಗಳ ರೋಗನಿರೋಧಕ ಶಕ್ತಿಯ ಮೇಲೆ ಪಿಎಚ್‌ಡಿ ಮುಗಿಸಿದ್ದಾನೆ. ಕೆಲಸದ ಸಂದರ್ಶನಕ್ಕೆ ಹೋದರೆ ಅವನ ಪೇಪರ್‌ಗಳನ್ನು ಯಾರೂ ಬಿಚ್ಚಿ ಕೂಡ ನೋಡಲಿಲ್ಲವಂತೆ. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು, ನಿಮ್ಮ ಎಚ್-ಇಂಡೆಕ್ಸ್ ಎಷ್ಟು, ಇಷ್ಟೇ ಕೇಳಿದ್ದು. ಎರಡೂ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಅನ್ನುವುದರ ಲೆಕ್ಕ: ಮೊದಲನೆಯದು ಜರ್ನಲ್ಲಿನದು, ಎರಡನೆಯದು ಬರೆದವರದು. "ಸಾರ್, ಕೋಳಿ ಜರ್ನಲ್‌ನಲ್ಲಿ ಬರೆದಿದ್ದೇ ತಪ್ಪಾಯ್ತಾ?" ಅಂದ. ತುಂಬಾ ಸಂಕಟವಾಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬ್ರೂಸ್ ಗ್ಲಿಕ್ ಅಂತ ಒಬ್ಬರಿದ್ದರು. 1950ರ ದಶಕದ ಶುರುವಿನಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೋಳಿ ವಿಜ್ಞಾನ ಓದುತ್ತಿದ್ದ ಹುಡುಗ. ಹಕ್ಕಿಗಳ ಬಾಲದ ಬುಡದಲ್ಲಿ, ಹಿಕ್ಕೆ ಹಾಕುವ ದ್ವಾರದ ಮೇಲ್ಗಡೆ ಒಂದು ಪುಟ್ಟ ಚೀಲ ಇರುತ್ತದೆ. ಇಟಲಿಯ ಪಡುವಾದ ದೇಹರಚನಾ ತಜ್ಞ ಫ್ಯಾಬ್ರಿಶಿಯಸ್ ಅದರ ಬಗ್ಗೆ ಬರೆದಿಟ್ಟಿದ್ದು 1621ರಲ್ಲಿ, ಆತ ತೀರಿಕೊಂಡ ಮೇಲೆ, ಅಚ್ಚಾಯಿತು. ಹಾಗಾಗಿ ಅದಕ್ಕೆ ಫ್ಯಾಬ್ರಿಶಿಯಸ್‌ನ ಬರ್ಸಾ ಅಂತಲೇ ಹೆಸರು. ಆದರೆ ಅದರ ಕೆಲಸ ಏನು ಅನ್ನುವುದು ಮುನ್ನೂರು ವರ್ಷ ಕಳೆದರೂ ಯಾರಿಗೂ ಗೊತ್ತಿರಲಿಲ್ಲ. ಗ್ಲಿಕ್ ಮರಿಗಳ ಬರ್ಸಾ ತೆಗೆದು ನೋಡಿದರು. ಮರಿಗಳು ಆರಾಮಾಗಿ ಬೆಳೆದವು.

ಅಷ್ಟರಲ್ಲಿ ಜೊತೆಗಿದ್ದ ತಿಮೋತಿ ಚಾಂಗ್‌ಗೆ ಕ್ಲಾಸಿನಲ್ಲಿ ಪ್ರಯೋಗ ತೋರಿಸಲು ಕೋಳಿ ಬೇಕಾದವು. ಗ್ಲಿಕ್ ತಮ್ಮ ಹತ್ತಿರ ಇದ್ದವನ್ನೇ ಕೊಟ್ಟರು. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಚುಚ್ಚಿದರೆ ರಕ್ತದಲ್ಲಿ ಅದನ್ನು ಎದುರಿಸುವ ಆ್ಯಂಟಿಬಾಡಿ ಬರಬೇಕು. ಕೆಲವು ಕೋಳಿಗಳಲ್ಲಿ ಬರಲೇ ಇಲ್ಲ. ಪ್ರಯೋಗ ಕೆಟ್ಟಿತು. ಯಾವ ಕೋಳಿಗಳು ಅಂತ ನೋಡಿದರೆ, ಎಲ್ಲ ಬರ್ಸಾ ತೆಗೆದವು! ಆ್ಯಂಟಿಬಾಡಿ ಹುಟ್ಟಿಸಲು ಆ ಚೀಲ ಬೇಕು ಅನ್ನುವುದು ತಿಳಿದಿದ್ದು ಹೀಗೆ.

ಪೇಪರನ್ನು 'ಸೈನ್ಸ್' ಜರ್ನಲ್ಲಿಗೆ ಕಳಿಸಿದರು. ವಾಪಸ್ ಬಂತು. ಕೊನೆಗೆ 1956ರಲ್ಲಿ 'ಪೌಲ್ಟ್ರಿ ಸೈನ್ಸ್' ಅನ್ನುವ ಕೋಳಿ ಸಾಕಣೆಯ ಜರ್ನಲ್‌ನಲ್ಲಿ ಎರಡು ಪುಟ ಅಚ್ಚಾಯಿತು. ಮನುಷ್ಯರ ಕಾಯಿಲೆ ಓದುವವರು ಆ ಜರ್ನಲ್ ಯಾಕೆ ನೋಡುತ್ತಾರೆ? ವಿಸ್ಕಾನ್ಸಿನ್‌ನಲ್ಲಿ, ಮೆಲ್ಬರ್ನ್‌ನಲ್ಲಿ ಕೆಲವರು ಅದನ್ನು ಹಿಡಿದು ಮುಂದೆ ಹೋದರು. 1965ರಲ್ಲಿ ಮಿನ್ನೆಸೋಟಾದ ಮ್ಯಾಕ್ಸ್ ಕೂಪರ್ ಮತ್ತು ಅವರ ಜೊತೆಗಾರರು ಕೋಳಿಯಲ್ಲೇ ತೋರಿಸಿದರು: ರೋಗನಿರೋಧಕ ಶಕ್ತಿಯಲ್ಲಿ ಥೈಮಸ್ ಅನ್ನುವ ಗ್ರಂಥಿಯದು ಒಂದು ದಾರಿ, ಬರ್ಸಾದ್ದು ಇನ್ನೊಂದು. ಥೈಮಸ್‌ದು ಟಿ ಕೋಶ, ಬರ್ಸಾದ್ದು ಆ್ಯಂಟಿಬಾಡಿ ಮಾಡುವ ಬಿ ಕೋಶ; ಎರಡೂ ಬಿಳಿ ರಕ್ತಕಣಗಳೇ. ನಮಗೆ ಬರ್ಸಾ ಇಲ್ಲ, ನಮ್ಮ ಬಿ ಕೋಶ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಆದರೂ 'ಬಿ' ಅನ್ನುವ ಅಕ್ಷರ ಬಂದಿದ್ದು ಕೋಳಿಯ ಬರ್ಸಾದಿಂದಲೇ.

ಈಗ ಲೆಕ್ಕ ಹಾಕಿ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷದ ಬರಹಗಳನ್ನು ಮಾತ್ರ. 1956ರಿಂದ 1965ಕ್ಕೆ ಒಂಬತ್ತು ವರ್ಷ! ಎಚ್-ಇಂಡೆಕ್ಸ್ ಅಂದರೆ, ಹತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ ಹತ್ತು ಪೇಪರ್ ಇದ್ದರೆ ಹತ್ತು. ಒಂದೇ ಪೇಪರ್ ಇದ್ದು ಅದನ್ನು ಇಡೀ ಜಗತ್ತು ಉಲ್ಲೇಖಿಸಿದರೂ ಎಚ್-ಇಂಡೆಕ್ಸ್ ಒಂದೇ. ಇನ್ನೊಂದು ಮಾತು. ಇವತ್ತು ಬಿ ಕೋಶದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಗ್ಲಿಕ್ ಹೆಸರು ಹಾಕುವುದಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಯಾರು ಉಲ್ಲೇಖ ಕೊಡುತ್ತಾರೆ, ಅಲ್ವಾ? 2019ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲ್ಯಾಸ್ಕರ್ ಪ್ರಶಸ್ತಿ ಕೂಪರ್‌ಗೂ, ಥೈಮಸ್‌ನ ಕೆಲಸ ತೋರಿಸಿದ ಜಾಕ್ ಮಿಲ್ಲರ್‌ಗೂ ಬಂತು. ಇಬ್ಬರೂ ಅದಕ್ಕೆ ಯೋಗ್ಯರೇ. ಆಗ ಗ್ಲಿಕ್ ಬದುಕಿರಲಿಲ್ಲ.

ನಾನು ಪಶುವೈದ್ಯ. ಬರ್ಸಾವನ್ನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೋ ಲೆಕ್ಕವಿಲ್ಲ. ಚೆನ್ನಾಗಿರುವ ಮರಿಯಲ್ಲಿ ಸಣ್ಣ ದ್ರಾಕ್ಷಿ ಥರ ಇರುತ್ತದೆ. ಕೊಯ್ದರೆ ಒಳಗೆ ಸೀರೆ ನೆರಿಗೆಯಂಥ ಮಡಿಕೆ. ಗಂಬೋರೊ ಅನ್ನುವ ವೈರಸ್ ರೋಗ ಬಂದ ಮರಿಯಲ್ಲಿ ಅದೇ ಚೀಲ ಊದಿ, ಮೇಲೆ ಹಳದಿ ಲೋಳೆ ಕಟ್ಟಿ, ಒಳಗೆ ರಕ್ತದ ಚುಕ್ಕೆ ಕಾಣುತ್ತದೆ. ಆ ವೈರಸ್ ತಿನ್ನುವುದೇ ಬಿ ಕೋಶಗಳನ್ನು. ಒಮ್ಮೆ ಫಾರಂ ನಡೆಸುವ ಒಬ್ಬರು ಸತ್ತ ಮರಿಗಳನ್ನು ಚೀಲದಲ್ಲಿ ತಂದು ನನ್ನ ಮುಂದಿಟ್ಟು, "ಸಾರ್, ಲಸಿಕೆ ಹಾಕಿದ್ರೂ ಕೊಕ್ಕರೆ ರೋಗ ಬಂತಲ್ಲ, ಲಸಿಕೆನೇ ಕಳಪೆನಾ?" ಅಂತ ಕೇಳಿದ್ದರು. ಕೊಕ್ಕರೆ ರೋಗ ಅಂದರೆ ರಾಣಿಖೇತ್, ಗಂಬೋರೊ ಅಲ್ಲ. ಅದರ ಲಸಿಕೆ ಸರಿಯಿತ್ತು. ಮೊದಲೇ ಗಂಬೋರೊ ಬಂದು ಹೋಗಿತ್ತು. ಬರ್ಸಾ ಬತ್ತಿಹೋಗಿ ಮೆಣಸಿನ ಕಾಳಿನಷ್ಟಾಗಿತ್ತು. ಆ್ಯಂಟಿಬಾಡಿ ಎಲ್ಲಿಂದ ಬರಬೇಕು? ಚಾಂಗ್ ಕ್ಲಾಸಿನಲ್ಲಿ ಆಗಿದ್ದೇ ಇಲ್ಲೂ ಆಗಿತ್ತು. ಅವರಿಗೆ ನಾನು ಕೊಟ್ಟ ಉತ್ತರ ಆ ಎರಡು ಪುಟದಿಂದ ಬಂದಿದ್ದು.

ಹುಡುಗನ ಪೇಪರ್ ತರಿಸಿಕೊಂಡು ಓದಿದೆ. ತಾಯಿಯಿಂದ ಬಂದ ಆ್ಯಂಟಿಬಾಡಿ ಮರಿಯಲ್ಲಿ ಜಾಸ್ತಿ ಇರುವಾಗಲೇ ಗಂಬೋರೊ ಲಸಿಕೆ ಹಾಕಿದರೆ ಅದು ಹಿಡಿಯುವುದಿಲ್ಲ. ಹಾಗಾದರೆ ಯಾವ ದಿನ ಹಾಕಬೇಕು ಅನ್ನುವುದರ ಮೇಲೆ ಬರೆದಿದ್ದಾನೆ. ಎರಡನೇ ಕೋಷ್ಟಕದಲ್ಲಿ ನನಗೊಂದು ಅನುಮಾನ ಬಂತು. ರಾತ್ರಿ ಫೋನ್ ಮಾಡಿ ಕೇಳಿದೆ. ಮುಕ್ಕಾಲು ಗಂಟೆ ಆ ಕೋಷ್ಟಕದ ಬಗ್ಗೆಯೇ ಮಾತಾಡಿದೆವು.