ಪಮೇಲಾಳನ್ನು ಅಂದೂ ಎಲ್ಲರೂ ಒಪ್ಪಿರಲಿಲ್ಲ

ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಪಮೇಲಾ’ ಕಾದಂಬರಿ (1740) ಬಂದಾಗ ಅದರ ನಾಯಕಿಯಾದ ಶೀಲವಂತ ಸೇವಕಿಗೆ ಇಡೀ ಇಂಗ್ಲೆಂಡ್ ತಲೆದೂಗಿತ್ತು, ತಕರಾರು ತೆಗೆದವರು ಇಂದಿನ ವಿಮರ್ಶಕರು ಮಾತ್ರ ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ. ಮೆಚ್ಚುಗೆಗೇನೂ ಕೊರತೆಯಿರಲಿಲ್ಲ: ಜೋಸೆಫ್ ಹೈಮೋರ್ ಅವಳ ಕತೆಯನ್ನು 12 ವರ್ಣಚಿತ್ರಗಳಲ್ಲಿ ಬಿಡಿಸಿದ, ಇಟಲಿಯ ಗೊಲ್ದೋನಿ 1750ರಲ್ಲಿ ಅದನ್ನು ರಂಗಕ್ಕೆ ತಂದ. ಆದರೆ ಗೇಲಿಯೂ ತಡಮಾಡಲಿಲ್ಲ. 1741ರಲ್ಲೇ ಹೆನ್ರಿ ಫೀಲ್ಡಿಂಗ್, ತನ್ನ ಹೆಸರು ಹಾಕದೆ ಹೊರತಂದ ‘ಶಮೇಲಾ’ದಲ್ಲಿ, ಅವಳನ್ನು ಯಜಮಾನನಿಗೆ ಬಲೆ ಬೀಸುವ ಚಾಲಾಕಿ ಹುಡುಗಿಯಾಗಿಸಿದ. ಎಲೈಜಾ ಹೇವುಡ್‌ಳ ‘ಆ್ಯಂಟಿ-ಪಮೇಲಾ’ ಕೂಡ ಅದೇ ವರ್ಷದ್ದು.

ಅಂದಿನ ಅನುಮಾನ ಹುಡುಗಿಯ ಪ್ರಾಮಾಣಿಕತೆಯ ಮೇಲೆ. ಇಂದಿನ ಮುಜುಗರ ಬೇರೆ: ಅವಳನ್ನು ಮೋಸದಿಂದ ಒಯ್ದು ಕೂಡಿಹಾಕಿದ ಯಜಮಾನನೇ ಕೊನೆಗೆ ಗಂಡನಾಗುವುದು, ಅದನ್ನೇ ಕಾದಂಬರಿ ಶೀಲಕ್ಕೆ ಸಿಕ್ಕ ಬಹುಮಾನ ಎನ್ನುವುದು. ನನಗಂತೂ ಈ ಎರಡನೆಯ ತಕರಾರೇ ಗಟ್ಟಿ.